ರಾಟರ್‌ಡ್ಯಾಮಿನ ಪರದೆಯ ಮೇಲೆ ಡೊಂಬಿವಲಿಯ ಡಬ್ಬಾ

ನೆದರ್‌ಲ್ಯಾಂಡ್ಸ್‌ಗೆ ಹೋಗಿ ಬಂದೆ ಎಂದರೆ ಎಲ್ಲರೂ ಹೂವಿನ ತೋಟಗಳ ಬಗ್ಗೆ ಕೇಳುತ್ತಾರೆ. ನಾನು ಹೋದದ್ದು ನವೆಂಬರಿನಲ್ಲಿ, ಹೂವು ಇರಲಿಲ್ಲ. ಗಾಳಿಯಂತ್ರವನ್ನು ರೈಲಿನ ಕಿಟಕಿಯಿಂದ ಒಮ್ಮೆ ನೋಡಿದೆ, ಅದೂ ಮಂಜಿನಲ್ಲಿ ಅರ್ಧ. ಒಂಬತ್ತು ದಿನಗಳಲ್ಲಿ ನಾನು ಹೆಚ್ಚು ಹೊತ್ತು ನೋಡಿದ್ದು ಒಂದು ಕಚೇರಿಯ ಪರದೆಯನ್ನು. ಆದರೂ ಬರೆಯುತ್ತಿದ್ದೇನೆ. ಅಲ್ಲಿ ಹತ್ತಿದ ಹೆದರಿಕೆ ಇಲ್ಲಿಗೆ ಬಂದ ಮೇಲೂ ಇಳಿದಿಲ್ಲ.

ಹೊರಡುವ ಮುನ್ನ: ಐರೋಲಿ

ನನ್ನ ಕಚೇರಿ ನವಿ ಮುಂಬಯಿಯ ಐರೋಲಿಯಲ್ಲಿದೆ. ಠಾಕುರ್ಲಿಯಲ್ಲಿ ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ ಹೋಗುತ್ತೇನೆ. ಹಡಗಿನಲ್ಲಿ ಯಾವ ಕಂಟೇನರ್ ಎಲ್ಲಿ ಕೂರಬೇಕು ಎಂಬ ನಕ್ಷೆ ಮಾಡುವುದು ನಮ್ಮ ವಿಭಾಗದ ಕೆಲಸ. ಭಾರದ್ದು ಕೆಳಗೆ, ಹಗುರದ್ದು ಮೇಲೆ, ಬೇಗ ಇಳಿಯುವಂಥದ್ದು ಕೈಗೆ ಸಿಗುವಂತೆ, ಬೆಂಕಿ ಹೊತ್ತಬಹುದಾದದ್ದು ಬಿಸಿಯಿಂದ ದೂರ. ಕಂಟೇನರಿಗೆ ನಮ್ಮಲ್ಲಿ ಎಲ್ಲರೂ ಡಬ್ಬಾ ಎನ್ನುತ್ತಾರೆ.

ವಿಭಾಗದಲ್ಲಿ ಆರು ಜನ. ನನಗೆ ಕೆಲಸ ಕಲಿಸಿದವರು ಸುನಂದಕ್ಕ. ಊರು ಬಾಗಲಕೋಟೆ, ಮದುವೆಯಾದಾಗಿನಿಂದ ಮನೆ ಟಿಟ್ವಾಳಾದಲ್ಲಿ, ವಯಸ್ಸು ಐವತ್ತಮೂರು. ದಿನಕ್ಕೆ ನಾಲ್ಕು ಗಂಟೆ ರೈಲಿನಲ್ಲೇ ಇರುತ್ತಾರೆ. ಡಬ್ಬಾದ ಕಾಗದ ಸುಳ್ಳು ಹೇಳುತ್ತದೆ ಎಂದು ಮೊದಲ ವಾರವೇ ಅವರಿಂದ ಕಲಿತೆ. ಅಪಾಯಕಾರಿ ಸರಕು ಎಂದು ಬರೆದರೆ ಬಾಡಿಗೆ ಹೆಚ್ಚು, ತಪಾಸಣೆ ಹೆಚ್ಚು. ಹಾಗಾಗಿ ಕೆಲವು ಕಾರ್ಖಾನೆಯವರು ‘ನೀರು ಶುದ್ಧೀಕರಣ ಪುಡಿ’ ಎಂದಷ್ಟೇ ಬರೆಯುತ್ತಾರೆ. ಒಳಗಿರುವುದು ಈಜುಕೊಳಕ್ಕೆ ಹಾಕುವ ಕಟುವಾಸನೆಯ ಬಿಳಿ ಪುಡಿ. ಬಿಸಿ ತಾಗಿದರೆ ತನ್ನೊಳಗೇ ಕಾಯುತ್ತ ಹೋಗಿ ನಡುಸಮುದ್ರದಲ್ಲಿ ಹೊತ್ತಿಕೊಳ್ಳುತ್ತದೆ.

ಅನುಮಾನ ಬಂದರೆ ಅಕ್ಕ ಚಹಾ ಪಕ್ಕಕ್ಕಿಟ್ಟು ಫೋನ್ ಎತ್ತುತ್ತಿದ್ದರು. ಮಾಲೀಕನಿಗಲ್ಲ, ಡಬ್ಬಾ ತುಂಬಿದ ಕೆಲಸಗಾರನಿಗೆ. ಡೊಂಬಿವಲಿಯ ಎಂ.ಐ.ಡಿ.ಸಿ. ಕೈಗಾರಿಕಾ ಪ್ರದೇಶದಲ್ಲಿ ಒಂದು ಕಾರ್ಖಾನೆಯಿದೆ. ಅಲ್ಲಿ ಪಾಂಡು ದಾದಾ ಎಂಬವರು ಇಪ್ಪತ್ತು ವರ್ಷಗಳಿಂದ ಸರಕು ತುಂಬುತ್ತಾರೆ. ಅಕ್ಕ ಅವರೊಡನೆ ಮರಾಠಿಯಲ್ಲಿ ಮಗಳ ಮದುವೆ, ಮೊಣಕಾಲು ನೋವು ಎಲ್ಲ ವಿಚಾರಿಸಿ, ಕೊನೆಗೆ ಏನೂ ಅಲ್ಲವೆಂಬಂತೆ ಕೇಳುತ್ತಿದ್ದರು: “ವಾಸ್ ಯೇತೋಯ್ ಕಾ?” ವಾಸನೆ ಬರುತ್ತಿದೆಯೇ? ಬರುತ್ತದೆ ಎಂದರೆ ಡಬ್ಬಾವನ್ನು ಹಡಗಿನ ಹೊಟ್ಟೆಯಿಂದ ತೆಗೆದು ಮೇಲೆ, ನೆರಳಿನಲ್ಲಿ, ಕಾಣುವ ಜಾಗದಲ್ಲಿ ಇಡುತ್ತಿದ್ದೆವು.

ಆದರೆ ನಮ್ಮ ಕಚೇರಿಯಲ್ಲಿ ಹೊರಗಿನವರಿಗೆ ಫೋನ್ ಮಾಡುವಂತಿಲ್ಲ. ಎಲ್ಲವೂ ಇ-ಮೇಲ್‌ನಲ್ಲೇ ಆಗಬೇಕು. ಡಬ್ಬಾ ಸರಿಸಿದರೆ ಕಾರಣದ ಸಂಖ್ಯೆ ತುಂಬಬೇಕು, ‘ವಾಸನೆ ಬಂತು’ ಎಂಬುದಕ್ಕೆ ಸಂಖ್ಯೆ ಇಲ್ಲ. ಎಂ.ಎಸ್ಸಿ. ಮುಗಿಸಿ ಹೊಸದಾಗಿ ಸೇರಿದ್ದ ನಾನು ಪಟ್ಟಿಯನ್ನು ಪೂರ್ತಿ ಓದಿ ಉಪಾಯ ಹೇಳಿದೆ. “ಹದಿನಾಲ್ಕು ಹಾಕೋಣ ಅಕ್ಕ. ‘ಅಕ್ಷರದೋಷ ತಿದ್ದುಪಡಿ’. ಅದನ್ನು ಯಾರೂ ತೆಗೆದು ನೋಡುವುದಿಲ್ಲ.”

“ಭಾಳ ಶಾಣ್ಯಾಕಿ ಅದೀ,” ಎಂದು ಅಕ್ಕ ನನ್ನ ಬೆನ್ನಿಗೆ ತಟ್ಟಿದ್ದರು. ಐದು ವರ್ಷ ಆರೂ ಜನ ಹದಿನಾಲ್ಕು ಹಾಕಿದೆವು.

ಈ ನಕ್ಷೆಗಳನ್ನೆಲ್ಲ ತಾನೇ ಮಾಡುವ ತಂತ್ರಾಂಶವನ್ನು ರಾಟರ್‌ಡ್ಯಾಮಿನ ಒಂದು ಚಿಕ್ಕ ಕಂಪನಿ ಸಿದ್ಧಪಡಿಸಿತು. ಅದಕ್ಕೆ ಪಾಠವಾಗಿ ಕೊಟ್ಟದ್ದು ನಮ್ಮದೇ ಐದು ವರ್ಷಗಳ ನಕ್ಷೆಗಳನ್ನು. ಅದರ ಪಕ್ಕದಲ್ಲಿ ಕೂತು ಪರೀಕ್ಷಿಸಿ ಬರಲು ನನ್ನನ್ನು ಆರಿಸಿದರು. ನಾನು ಒಪ್ಪಿಗೆ ಕೊಟ್ಟರೆ ಆರು ಜನರ ಜಾಗದಲ್ಲಿ ಒಬ್ಬರು ಸಾಕು ಎಂದು ನಮ್ಮ ಮ್ಯಾನೇಜರ್ ಕಾಮತ್ ಸರ್ ಮುಚ್ಚುಮರೆಯಿಲ್ಲದೆ ಹೇಳಿದರು.

“ಈ ವಯಸ್ಸಿನಾಗ ನನಗ ಯಾರ್ ಕೆಲಸ ಕೊಡ್ತಾರವಾ?” ಎಂದರು ಸುನಂದಕ್ಕ. ನನ್ನ ಮುಖ ನೋಡಿ ಅವರೇ ನಕ್ಕರು. “ಮಾರಿ ಯಾಕ ಸಣ್ಣದು ಮಾಡ್ತೀ? ಹೋಗಿ ಬಾ. ಆ ಮಿಶನ್ನಿಗೂ ಸುನಂದಕ್ಕ ನಮಸ್ಕಾರ ಹೇಳ್ಯಾಳ ಅನ್ನು.”

ಶನಿವಾರ ಮತ್ತು ಭಾನುವಾರ: ರಾಟರ್‌ಡ್ಯಾಮ್

ಅಮ್ಮ ಕಟ್ಟಿಕೊಟ್ಟ ಬೆಳ್ಳುಳ್ಳಿ ಚಟ್ನಿಪುಡಿಯ ಪೊಟ್ಟಣ ಪೆಟ್ಟಿಗೆಯಲ್ಲಿ ಒಡೆದು, ನನ್ನ ಒಂದೇ ಒಂದು ಕರಿಯ ಕೋಟಿನ ತುಂಬ ಚೆಲ್ಲಿತ್ತು. ಹೋಟೆಲಿನ ಬಚ್ಚಲಿನಲ್ಲಿ ಎರಡು ಸಲ ಒರೆಸಿದರೂ ವಾಸನೆ ಹೋಗಲಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ ಅವರ ಚಿಂತೆ ಬೇರೆ. “ಹಾಗಾದ್ರೆ ತಿನ್ನಲಿಕ್ಕೆ ಉಳಿದದ್ದುಂಟಾ ಇಲ್ವಾ?”

ಅಲ್ಲಿನ ಮನೆಗಳ ಕಿಟಕಿಗಳಿಗೆ ಪರದೆಯಿಲ್ಲ. ಸಂಜೆ ದೀಪ ಹಚ್ಚಿ, ಬೀದಿಗೆ ಪೂರ್ತಿ ಕಾಣುವಂತೆ ಊಟಕ್ಕೆ ಕೂರುತ್ತಾರೆ. ಯಾರೂ ಒಳಗೆ ನೋಡುವುದಿಲ್ಲ. ನಮ್ಮ ಠಾಕುರ್ಲಿಯ ಕಟ್ಟಡದಲ್ಲಿ ಜಾಲರಿ, ಒಗೆದ ಬಟ್ಟೆ, ಪರದೆ ಮೂರೂ ದಾಟಿ ಪಕ್ಕದ ಮನೆಯವರಿಗೆ ನಮ್ಮ ಸಾರಿನ ಬಗೆ ತಿಳಿದಿರುತ್ತದೆ. ನೋಡಬಾರದೆಂದು ತಲೆ ತಗ್ಗಿಸಿ ನಡೆದೆ. ಹಾಗೆ ತಗ್ಗಿಸಿಯೇ ಸೈಕಲ್ ದಾರಿಗೆ ಇಳಿದು, ಮುದುಕಿಯೊಬ್ಬರ ಗಂಟೆಗೆ ಬೆಚ್ಚಿ ಹಾರಿದೆ. ಅವರು ನಿಲ್ಲಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಸಮಾಧಾನವಾಗುತ್ತಿತ್ತು.

ಸೋಮವಾರ: ಹನ್ನೆರಡು ಗಂಟೆ

ತಂತ್ರಾಂಶದ ಎಂಜಿನಿಯರ್ ಹೆಸರು ಮಾರ್ಲೈಸ್. ನನಗಿಂತ ನಾಲ್ಕೈದು ವರ್ಷ ದೊಡ್ಡವಳು, ಎತ್ತರದ ಹುಡುಗಿ. ಮಳೆಯಲ್ಲೇ ಸೈಕಲ್ಲಿನಲ್ಲಿ ಬರುತ್ತಾಳೆ. ಕೈ ಕುಲುಕುವಾಗ ಮೂಗು ಅರಳಿಸಿ, “ಇದೇನು ಒಳ್ಳೆಯ ವಾಸನೆ?” ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಬೆಳ್ಳುಳ್ಳಿ ಎಂದೆ. ಇಬ್ಬರೂ ನಕ್ಕೆವು. ಅವಳು ನನಗೆ ಹಿಡಿಸಿದಳು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

ಅವರ ಮಧ್ಯಾಹ್ನದ ಊಟ ತಣ್ಣನೆಯ ಬ್ರೆಡ್ಡು, ಮೇಲೊಂದು ಲೋಟ ಮಜ್ಜಿಗೆ. ನಿಜವಾದ ಮಜ್ಜಿಗೆಯೇ, ಉಪ್ಪಿಲ್ಲ, ಇಂಗಿಲ್ಲ. ನಾನು ಲೋಟ ಎತ್ತಿದ್ದೆ. ಗಂಟೆ ಹನ್ನೆರಡಾಯಿತು. ಆಗ ಊರಿಗೆ ಊರೇ ಕೂಗಲು ತೊಡಗಿತು. ಎಲ್ಲ ದಿಕ್ಕುಗಳಿಂದ ಏರುವ, ಇಳಿಯದ ಸೈರನ್.

ನಾನು ಎದ್ದು ಮೇಜಿನ ಅಂಚು ಹಿಡಿದೆ. ಮಜ್ಜಿಗೆ ಚೆಲ್ಲಿತು. ಡೊಂಬಿವಲಿಯ ಕಡೆ ಬೆಳೆದವರಿಗೆ ಇಂಥದ್ದನ್ನು ವಿವರಿಸಬೇಕಿಲ್ಲ. ನಮಗೆ ಸೈರನ್ ಇಲ್ಲ. ಕಾರ್ಖಾನೆ ಸಿಡಿದರೆ ಮೊದಲು ಕಿಟಕಿಯ ಗಾಜು ನಡುಗುತ್ತದೆ, ಆಮೇಲೆ ಸದ್ದು, ಆಮೇಲೆ ಎಲ್ಲರೂ ಮನೆಯ ಮುಂದಿನ ಗ್ಯಾಲರಿಗೆ ಬಂದು ಹೊಗೆ ಯಾವ ಕಡೆ ಎಂದು ನೋಡುತ್ತಾರೆ. ಯಾವ ಕಾರ್ಖಾನೆ, ಒಳಗೇನಿತ್ತು ಎಂಬುದು ಮರುದಿನದ ಮಾತು.

ಸುತ್ತಲಿನವರು ಬ್ರೆಡ್ಡು ತಿನ್ನುತ್ತಲೇ ಇದ್ದರು. ಒಬ್ಬಾತ ಗಡಿಯಾರ ನೋಡಿ ಸಮಯ ಸರಿಮಾಡಿಕೊಂಡ. “ತಿಂಗಳ ಮೊದಲ ಸೋಮವಾರ,” ಎಂದಳು ಮಾರ್ಲೈಸ್, ಕಾಗದದಿಂದ ಮೇಜು ಒರೆಸುತ್ತ. “ಸೈರನ್ ಸರಿಯಾಗಿದೆಯೇ ಎಂಬ ಪರೀಕ್ಷೆ. ಕ್ಷಮಿಸು, ಹೇಳಬೇಕಿತ್ತು.”

“ನಿಜವಾದ ಅಪಾಯ ಸೋಮವಾರ ಹನ್ನೆರಡಕ್ಕೇ ಬಂದರೆ?”

ಅವಳು ಅಗಿಯುವುದನ್ನು ನಿಲ್ಲಿಸಿದಳು. “ಆಗ ಯಾರೂ ನಂಬುವುದಿಲ್ಲ,” ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ಮಂಗಳವಾರ: ಬಂದರು

ಬಂದರಿನ ಹೊಸ ಭಾಗ ನೋಡಲು ಕರೆದುಕೊಂಡು ಹೋದರು. ಸಮುದ್ರವನ್ನು ತುಂಬಿ ಮಾಡಿದ ನೆಲ ಅದು. ನಾನು ನಮ್ಮ ನವಿ ಮುಂಬಯಿಯ ನ್ಹಾವಾ ಶೇವಾ ಬಂದರನ್ನು ನೋಡಿದವಳು. ಅಲ್ಲಿ ಕ್ರೇನಿನ ಮೇಲೊಬ್ಬ, ಕೆಳಗೊಬ್ಬ, ಟ್ರಕ್ಕಿನ ಚಾಲಕ, ಅವನ ಬೈಗುಳ, ವಡಾಪಾವಿನ ಗಾಡಿ. ಇಲ್ಲಿ ಬೇಲಿಯ ಆಚೆ ಯಾರೂ ಇಲ್ಲ. ಚಾಲಕನಿಲ್ಲದ, ತಲೆಯೇ ಇಲ್ಲದ ಗಾಡಿಗಳು ಡಬ್ಬಾ ಹೊತ್ತು ಓಡುತ್ತವೆ, ಒಂದಕ್ಕೊಂದು ದಾರಿ ಬಿಟ್ಟು ನಿಲ್ಲುತ್ತವೆ, ಮತ್ತೆ ಓಡುತ್ತವೆ. ಕೂಗಿಲ್ಲ. ಅವುಗಳ ನಡುವೆ ಮೊಲವೊಂದು ಕೂತು ಹುಲ್ಲು ಮೇಯುತ್ತಿತ್ತು.

“ಒಳಗೆ ಏನಾದರೂ ವಾಸನೆ ಬಂದರೆ ಯಾರಿಗೆ ಗೊತ್ತಾಗುತ್ತದೆ?” ಎಂದು ಮಾರ್ಲೈಸ್‌ಗೆ ಕೇಳಿದೆ.

“ಕಾಗದದಲ್ಲಿ ಇರುತ್ತದಲ್ಲ,” ಎಂದಳು.

ಗಾಳಿ ಬಲವಾಗಿತ್ತು. ನಾನು ಕೋಟಿನ ಗುಂಡಿ ಹಾಕಿಕೊಂಡೆ. ಆಗಲೇ ಬಾಯಿ ತೆರೆಯಬೇಕಿತ್ತು.

ಬುಧವಾರ: ಪರದೆ

ಬುಧವಾರ ಅಣಕು ಹಡಗುಗಳ ಮೇಲಿನ ಪರೀಕ್ಷೆ ಮುಗಿದು ನಿಜವಾದ ಹಡಗು ಬಂತು. ಮರುದಿನ ಬೆಳಿಗ್ಗೆ ನಮ್ಮ ಕಡೆಯ ಬಂದರಿನಲ್ಲಿ ತುಂಬಲು ಶುರುವಾಗುವ ಹಡಗು. ನಕ್ಷೆ ತಂತ್ರಾಂಶದ್ದು, ಕೊನೆಯ ಒಪ್ಪಿಗೆ ನನ್ನದು. ನಾವು ಅರ್ಧ ದಿನ ಮಾಡುವ ಕೆಲಸ ಒಂದು ಗುಟುಕು ಕಾಫಿಯಲ್ಲಿ ಮುಗಿಯಿತು. ಸಾಲುಗಳು ಎಷ್ಟು ಅಚ್ಚುಕಟ್ಟಾಗಿದ್ದವೆಂದರೆ ನನಗೆ ಹೊಟ್ಟೆಕಿಚ್ಚಾಯಿತು.

ಆಮೇಲೆ ಆ ಡಬ್ಬಾ ಕಂಡಿತು. ಡೊಂಬಿವಲಿ. ಪಾಂಡು ದಾದಾನ ಕಾರ್ಖಾನೆ. ‘ನೀರು ಶುದ್ಧೀಕರಣ ಪುಡಿ’. ಅದನ್ನು ತಂತ್ರಾಂಶ ಹಡಗಿನ ಹೊಟ್ಟೆಯಲ್ಲಿ ಇಟ್ಟಿತ್ತು. ಪಕ್ಕದ ಗೋಡೆಯಾಚೆ ಇಂಧನದ ತೊಟ್ಟಿ. ಗಟ್ಟಿಯಾಗದಂತೆ ಆ ಎಣ್ಣೆಯನ್ನು ದಾರಿಯುದ್ದಕ್ಕೂ ಬಿಸಿಯಾಗಿಡುತ್ತಾರೆ. ಅದರ ಮೇಲೆ ಎಂಟು ಡಬ್ಬಾಗಳ ರಾಶಿ. ಬೆಂಕಿ ಹತ್ತಿದರೆ ಯಾರ ಕೈಯೂ ತಲುಪದು. ಹಡಗಿನಲ್ಲಿ ಇಪ್ಪತ್ತೆರಡು ಜನ ಸಿಬ್ಬಂದಿಯ ಹೆಸರಿತ್ತು.

ನಾನು ಮಾಡಿದ್ದನ್ನು ಇದ್ದಂತೆ ಬರೆಯುತ್ತೇನೆ. ಯಾರಿಗೂ ಹೇಳಲಿಲ್ಲ. ಡಬ್ಬಾವನ್ನು ಮೇಲಕ್ಕೆಳೆದು, ಕಾರಣ ಹದಿನಾಲ್ಕು ಎಂದು ಹಾಕಿದೆ. ಕೈ ತಾನಾಗಿ ಹಾಕಿತು.

ಪರದೆ ಒಂದು ಕ್ಷಣ ಯೋಚಿಸಿತು. ಡಬ್ಬಾ ಕೆಳಗಿಳಿದು ಮೊದಲಿದ್ದ ಜಾಗಕ್ಕೇ ಹೋಗಿ ಕೂತಿತು. ಪಕ್ಕದಲ್ಲಿ ಒಂದು ಸಾಲು: ‘ಅಕ್ಷರದೋಷ ಮಾತ್ರ. ಸ್ಥಾನ ಬದಲಿಸುವ ಅಗತ್ಯವಿಲ್ಲ.’

ಮತ್ತೆ ಎಳೆದೆ. ಮತ್ತೆ ಇಳಿಯಿತು. ಮೂರನೆಯ ಸಲವೂ ಅದೇ. ಐದು ವರ್ಷಗಳ ನಮ್ಮ ದಾಖಲೆ ಓದಿ ಅದು ಒಂದು ಪಾಠ ಕಲಿತಿತ್ತು: ಐರೋಲಿಯವರು ಅಕ್ಷರ ತಪ್ಪಿದ್ದಕ್ಕೆಲ್ಲ ಡಬ್ಬಾ ಸರಿಸಿ ಹೊತ್ತು ಕಳೆಯುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಯಂತ್ರ ಕೆಟ್ಟಿರಲಿಲ್ಲ. ನಾವು ಹೇಳಿದ್ದನ್ನು ನಂಬಿತ್ತು. ಆ ಹದಿನಾಲ್ಕನ್ನು ಆರಿಸಿದವಳು ನಾನು.

ಮಧ್ಯಾಹ್ನ ಎರಡು ಗಂಟೆ. ನಮ್ಮಲ್ಲಿ ಆರೂವರೆ. ಮೆಟ್ಟಿಲ ಬಳಿ ಹೋಗಿ ಸುನಂದಕ್ಕನಿಗೆ ಫೋನ್ ಮಾಡಿದೆ. ಟಿಟ್ವಾಳಾ ಲೋಕಲ್ಲಿನ ಹೆಂಗಸರ ಡಬ್ಬಿಯ ಗದ್ದಲ ಕಿವಿಗೆ ಬಿತ್ತು.

“ಏನವಾ, ಊಟ ಆತೇನ? ಅಲ್ಲಿ ಬರೇ ಬ್ರೆಡ್ಡ ಅಂತಲ್ಲ!”

“ಅಕ್ಕ, ಪಾಂಡು ದಾದಾನ ಡಬ್ಬಾ ಬಂದಿದೆ. ಎಣ್ಣೆ ತೊಟ್ಟಿಯ ಪಕ್ಕ ಇಟ್ಟಿದೆ.”

“ಮತ್ತ ತಗೀ.”

“ತೆಗೆದರೆ ವಾಪಸ್ ಇಡುತ್ತದೆ. ಹದಿನಾಲ್ಕು ಅದಕ್ಕೆ ನಡೆಯುವುದಿಲ್ಲ. ನಿಜವಾದ ಕಾರಣ ಬರೆಯಬೇಕು. ಬರೆದರೆ ನಾವು ಫೋನ್ ಮಾಡುತ್ತಿದ್ದದ್ದು, ಸುಳ್ಳು ಸಂಖ್ಯೆ ಹಾಕಿದ್ದು, ಎಲ್ಲ ಹೊರಗೆ ಬೀಳುತ್ತದೆ. ನಿಮ್ಮ ಹೆಸರೂ.”

ಆಚೆ ಯಾರೋ, “ಬಾಈ, ಆತ್ ಸರಕಾ ನಾ, ದಾರಾತ್ ಕಾಯ್ ಉಭ್ಯಾ!” ಎಂದು ಬಾಗಿಲಲ್ಲಿ ನಿಂತವರನ್ನು ಒಳಗೆ ತಳ್ಳುತ್ತಿದ್ದರು. ಅಕ್ಕನಿಗೆ ನಾನು ಹೇಳಿದ್ದು ಕೇಳಿಸಿತೋ ಇಲ್ಲವೋ ಎನಿಸಿತು.

“ಹತ್ತು ಮಿನಿಟ್ ತಡೀ,” ಎಂದು ಇಟ್ಟರು.

ಏಳು ನಿಮಿಷಕ್ಕೆ ಅವರದೇ ಫೋನ್ ಬಂತು. ಈಗ ಸದ್ದು ಬೇರೆ. ಜನರ ಗದ್ದಲದಲ್ಲಿ ಮಾತು ಕೇಳಿಸದೆ ದಿವಾ ನಿಲ್ದಾಣದಲ್ಲಿ ಇಳಿದುಬಿಟ್ಟಿದ್ದರು.

“ಪಾಂಡು ಸಿಕ್ಕಿದ್ದ. ಮೊನ್ನಿ ತುಂಬುಮುಂದ ‘ಡೋಳ್ಯಾತ್ ಪಾಣಿ’ ಅಂದ. ಕಣ್ಣಾಗ ನೀರ ಬಂದು ಮಾರಿಗೆ ದಸ್ತಿ ಕಟ್ಕೊಂಡ್ ತುಂಬ್ಯಾರಂತ. ಬರೀ. ಇದ್ದದ್ದು ಇದ್ದಂಗ ಬರೀ.”

“ನಿಮ್ಮ ಕೆಲಸ, ಅಕ್ಕ...”

“ಹಡಗಿನ್ಯಾಗ ಮಂದಿ ಅದಾರಿಲ್ಲೋ? ನನ್ನ ಹೆಸರ ಮೊದಲ ಹಾಕು. ನಿಂದು ಆಮ್ಯಾಲ. ಗಾಡಿ ಬಂತು, ಇಡ್ತೀನಿ.”

‘ಇತರೆ’ ಎಂಬ ಖಾಲಿ ಜಾಗದಲ್ಲಿ ಐದು ವಾಕ್ಯ ಬರೆದೆ. ನನ್ನ ಹೆಸರನ್ನೇ ಮೊದಲು ಹಾಕಿದೆ. ಆ ಒಂದು ವಿಷಯದಲ್ಲಿ ಮಾತ್ರ ಅಕ್ಕನ ಮಾತು ಮೀರಿದೆ.

ಗುರುವಾರ: ಮೆಚ್ಚುಗೆ

ಡಬ್ಬಾವನ್ನು ನಮ್ಮ ಬಂದರಿನಲ್ಲೇ ತಡೆದರು. ತೆರೆದಾಗ ಪಾಂಡು ಹೇಳಿದ್ದು ನಿಜವಾಗಿತ್ತು. ಹಡಗು ಅದಿಲ್ಲದೆ ಹೋಯಿತು.

ಕಾಮತ್ ಸರ್ ವಿಡಿಯೊ ಕರೆಗೆ ಬಂದರು. “ಐದು ವರ್ಷ ಸುಳ್ಳು ಹಾಕಿದ್ದಾ? ನಿಮ್ಮಿಂದ ನಾನು ಇದನ್ನು ಎಣಿಸಿರಲಿಲ್ಲ ಮಾರಾಯ್ರೆ.”

“ಹಡಗು ಉಳಿಯಿತು ಸರ್.”

“ಉಳಿಯಿತು. ಅದಕ್ಕೇ ನಿಮ್ಮನ್ನು ಉಳಿಸಿದ್ದು. ಇಲ್ಲದಿದ್ದರೆ ಕೆಲಸ ಬಿಡಿಸುವ ಕಾಗದ ಅಲ್ಲಿಗೇ ಕಳಿಸ್ತಿದ್ದೆ.”

ಮಾರ್ಲೈಸ್ ಮಾತ್ರ ಕೋಪಿಸಿಕೊಳ್ಳಲಿಲ್ಲ. ನನ್ನ ಐದು ವಾಕ್ಯಗಳನ್ನು ಮೂರು ಸಲ ಓದಿದಳು. ಅವಳ ಕೆನ್ನೆ ಕೆಂಪಾಗಿತ್ತು. “ಇದು ಅದ್ಭುತ,” ಎಂದಳು. “ನಮಗೆ ಸಿಗದೇ ಇದ್ದದ್ದು ಇದೇ. ಸುನಂದಾ ಫೋನಿನಲ್ಲಿ ಏನೇನು ಕೇಳುತ್ತಾರೆ? ಎಲ್ಲಿ ಬರೆದಿಟ್ಟಿದ್ದಾರೆ?”

“ಎಲ್ಲೂ ಇಲ್ಲ.”

“ಹಾಗಾದರೆ ಬರೆಸೋಣ. ಎಲ್ಲ ಪ್ರಶ್ನೆಗಳನ್ನೂ.”

ಅವಳಿಗೆ ಕೆಟ್ಟ ಉದ್ದೇಶ ಇರಲಿಲ್ಲ. ಹಡಗು ಸುಡಬಾರದು ಎಂದು ಅವಳಿಗೂ ಇತ್ತು. ಸತ್ಯ ಹೇಳಿದರೆ ಕೆಲಸ ಕಸಿದುಕೊಳ್ಳುತ್ತಾರೆ ಎಂದು ಹೆದರಿದ್ದೆ. ಕಸಿಯಲಿಲ್ಲ. ಆ ಸತ್ಯವನ್ನೇ ಇನ್ನೂ ಸ್ವಲ್ಪ ವಿವರವಾಗಿ ಕೊಡಿ ಎಂದರು.

ಮರಳಿ: ಟಿಟ್ವಾಳಾ ಲೋಕಲ್

ಪ್ರಶ್ನೆಗಳನ್ನು ತುಂಬಲು ಅಕ್ಕನಿಗೆ ಒಂದು ನಮೂನೆ ಬಂತು. ಕಚೇರಿಯಲ್ಲಿ ಬರೆಯಲು ಮನಸ್ಸಾಗದೆ ಅವರು ಅದನ್ನು ರೈಲಿಗೆ ತಂದರು. ಠಾಣೆಯಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಅವರು ಹೇಳುತ್ತ ಹೋದರು, ನಾನು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆದೆ. ವಾಸನೆ ಬರುತ್ತದೆಯೇ. ಕಣ್ಣು ಉರಿಯುತ್ತದೆಯೇ. ಡ್ರಮ್ಮಿನ ಮುಚ್ಚಳ ಉಬ್ಬಿದೆಯೇ. ತುಂಬುವಾಗ ಮಾಲೀಕ ದೂರ ನಿಂತಿದ್ದನೇ. ಹಳೆಯ ಚೀಟಿ ಕಿತ್ತು ಹೊಸದು ಅಂಟಿಸಿದ್ದೇ.

ಮುಂಬ್ರಾ ದಾಟುವಾಗ ನಾನು ಬೆರಳು ನಿಲ್ಲಿಸಿದೆ. “ಎಲ್ಲ ಹೇಳಬೇಡಿ ಅಕ್ಕ. ಕೆಲವು ಇಟ್ಟುಕೊಳ್ಳಿ. ಆಗ ಅವರಿಗೆ ನೀವು ಬೇಕಾಗುತ್ತೀರಿ.”

ಅವರು ನನ್ನ ಕಡೆ ತಿರುಗಿದರು. ಬೈಯುತ್ತಾರೆ ಎಂದುಕೊಂಡೆ.

“ನಾನೂ ನಿನ್ನೆ ರಾತ್ರಿ ಅದನ್ನ ವಿಚಾರ ಮಾಡಿದ್ನಿ,” ಎಂದರು ಮೆಲ್ಲಗೆ. “ಆದರ ಬಿಟ್ಟ ಪ್ರಶ್ನಿ ಯಾವ ಹಡಗಿಗೆ ಬೀಳತದ? ನಿನಗ ಗೊತ್ತದೇನು? ನನಗ ಗೊತ್ತಿಲ್ಲ. ಬರೀ, ಮುಂದ ಬರೀ.”

ಠಾಕುರ್ಲಿ ಬಂತು. ನಾನು ಇಳಿಯಲಿಲ್ಲ. ಕಲ್ಯಾಣ್ ದಾಟಿ, ಟಿಟ್ವಾಳಾದವರೆಗೂ ಬರೆದೆ. ಎಲ್ಲವನ್ನೂ ಕಳುಹಿಸಿದೆವು.

ಈಗ

ಮಾರ್ಚ್ ತಿಂಗಳಲ್ಲಿ ನಮ್ಮ ವಿಭಾಗ ಮುಚ್ಚಿತು, ಸಾಕು ಎಂದಿದ್ದ ಆ ಒಬ್ಬರೂ ಬೇಡವಾದರು. ನನ್ನನ್ನು ಮೇಲಿನ ಮಹಡಿಯ ಬೇರೆ ಕೆಲಸಕ್ಕೆ ಹಾಕಿದರು. ನಕ್ಷೆಗಳನ್ನು ತೆರೆಯುವ ಅಧಿಕಾರ ಈಗ ನನಗಿಲ್ಲ. ಉಳಿದವರನ್ನು ಹೂಗುಚ್ಛ ಕೊಟ್ಟು ಕಳುಹಿಸಿದರು. ಸುನಂದಕ್ಕ ಟಿಟ್ವಾಳಾದ ಮನೆಯಲ್ಲಿದ್ದಾರೆ. ಕೆಲಸ ಹುಡುಕುವುದನ್ನು ಇನ್ನೂ ಬಿಟ್ಟಿಲ್ಲ.

ಹೋದ ಶನಿವಾರ ನೋಡಿ ಬರಲು ಹೋಗಿದ್ದೆ. ಚಹಾ ಕೊಟ್ಟು ಎದುರು ಕೂತರು.

“ಪಾಂಡು ಫೋನ್ ಮಾಡಿದ್ದ,” ಎಂದರು. “ಈಗ ಒಬ್ಬಾಕಿ ದಿನಾ ಫೋನ್ ಮಾಡತಾಳಂತ. ಮಿಶನ್ ಧ್ವನಿ. ಚಂದ ಮರಾಠಿ. ನನ್ನಂಗ ಕೇಳತಾಳಂತ, ಅವೇ ಪ್ರಶ್ನಿ, ಒಂದೂ ಬಿಡಂಗಿಲ್ಲ.”

“ಅವರು ಏನು ಹೇಳುತ್ತಾರೆ?”

“ಇಷ್ಟ ಗಂಟೇಕ ಫೋನ್ ಬರತದ ಅಂತ ಮಾಲೀಕಗ ಗೊತ್ತಾಗೇದ. ಹೊತ್ತಿಗೆ ಸರಿಯಾಗಿ ಬಂದು ಬಾಜೂಕ ನಿಂದರತಾನಂತ. ಪಾಂಡು ‘ವಾಸನಿ ಇಲ್ಲ’ ಅಂತಾನ. ಆಕಿ ‘ಧನ್ಯವಾದ’ ಅಂತ ಇಡತಾಳ.” ಅಕ್ಕ ಲೋಟವನ್ನು ತಿರುಗಿಸಿದರು. “ನಾನಾಗಿದ್ರ ಅವನ ದನಿ ಕೇಳಿದ ಕೂಡಲೆ ತಿಳೀತಿತ್ತು. ‘ಅಕ್ಕಾ, ಆಕಿ ಏನ್ ಹೇಳಿದ್ರೂ ನಂಬತಾಳ’ ಅಂತ ಅತ್ತ.”

“ಈ ವಾರ ಏನಾದರೂ ತುಂಬಿದ್ದಾರಂತೆಯೇ?”

“ಮಂಗಳವಾರ ಒಂದು, ಗುರುವಾರ ಒಂದು. ಅದೇ ಪುಡಿ.”

ನಾನು ಅಲ್ಲಿಂದಲೇ ಕಾಮತ್ ಸರ್‌ಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮಾರ್ಲೈಸ್‌ಗೆ ಬರೆದೆ, ಅವಳು ರಜೆಯಲ್ಲಿದ್ದಾಳೆ, ತುರ್ತಿದ್ದರೆ ಈ ನಮೂನೆ ತುಂಬಿ ಎಂಬ ಉತ್ತರ ತಾನಾಗಿ ಬಂತು. ತುಂಬಿದೆವು. ನಮೂನೆ ಡಬ್ಬಾದ ಸಂಖ್ಯೆ ಕೇಳಿತು. ನಮಗೆ ಅದು ಗೊತ್ತಿರಲಿಲ್ಲ. ಫೋನ್ ಮಾಡಿ ಕೇಳಿದರೆ ಪಾಂಡುವಿಗೂ ಗೊತ್ತಿರಲಿಲ್ಲ. ಸಂಖ್ಯೆಯಿಲ್ಲದೆ ಅದು ಮುಂದಕ್ಕೆ ಹೋಗಲಿಲ್ಲ.

ಗುರುವಾರದ ಡಬ್ಬಾ ಕೂಡ ಇಷ್ಟು ಹೊತ್ತಿಗೆ ನೀರಿನ ಮೇಲಿರಬೇಕು ಎಂದು ಅಕ್ಕ ಬೆರಳಲ್ಲಿ ಲೆಕ್ಕ ಹಾಕಿದರು. ಯಾವ ಹಡಗು, ಯಾವ ಜಾಗ, ಪಕ್ಕದಲ್ಲಿ ಏನಿದೆ ಎಂದು ಇಬ್ಬರಿಗೂ ತಿಳಿಯದು. ಕಾರ್ಖಾನೆಯಲ್ಲಿ ಬೇರೆ ಯಾರಾದರೂ ಡಬ್ಬಾದ ಸಂಖ್ಯೆ ಬರೆದಿಟ್ಟಿರಬಹುದೇ ಎಂದು ಕೇಳಲು ಅವರು ಎದ್ದು ಮತ್ತೆ ಪಾಂಡುವಿನ ನಂಬರ್ ಒತ್ತಿದರು.